ಏರ್‌ಫೋರ್ಸ್ ಪೈಲಟ್ ಆಗಬೇಕಾ? ಲೆಕ್ಕವನ್ನು ಕೊನೆಯಿಂದ ಶುರು ಮಾಡಿ

ಭಾನುವಾರ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ, ಆ ಕಡೆ ಹೆಚ್ಚಾಗಿ ಯಾರದೋ ಅಪ್ಪ ಅಥವಾ ಅಮ್ಮ ಇರುತ್ತಾರೆ. 'ಸರ್, ಮಗಳಿಗೆ ಏರ್‌ಫೋರ್ಸ್ ಪೈಲಟ್ ಆಗಬೇಕಂತೆ. ಯಾವ ಕೋಚಿಂಗಿಗೆ ಸೇರಿಸೋದು?' ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. 'ಅವಳಿಗೆ 37 ವರ್ಷ ಆದಾಗ ಏನು ಮಾಡ್ತಿರಬೇಕು?' ಮಾತು ಅಲ್ಲೇ ನಿಲ್ಲುತ್ತದೆ. ಹದಿನೇಳರ ಹುಡುಗಿಗೆ ಮೂವತ್ತೇಳರ ಚಿಂತೆ ಈಗಲೇ ಯಾಕೆ ಅಂತ ಅನ್ನಿಸುವುದು ಸಹಜವೇ.

ಆದರೆ ಈ ಕೆಲಸದಲ್ಲಿ ನೀವು ಒಳಗೆ ಹೋದ ಬಾಗಿಲೇ ಹೊರಗೆ ಬರುವ ದಿನವನ್ನೂ ತೀರ್ಮಾನ ಮಾಡಿಬಿಡುತ್ತದೆ. ನಾನು ಡಿಗ್ರಿಯವರಿಗೆ ಇರುವ ಸಿಡಿಎಸ್ ಪರೀಕ್ಷೆ ಬರೆದು ಹೋದವನು. ಹೆಲಿಕಾಪ್ಟರ್ ಹಾರಿಸಿದೆ, 20 ವರ್ಷ ದಾಟಿಸಿದೆ, ಪಿಂಚಣಿ ಕಟ್ಟಿಕೊಂಡು ಬಂದೆ. ನನ್ನ ಯೂನಿಟ್‌ನಲ್ಲೇ ನನಗಿಂತ ಚೆನ್ನಾಗಿ ಹಾರಿಸುತ್ತಿದ್ದ ಜೂನಿಯರ್ ಒಬ್ಬಳಿದ್ದಳು. ಅದೇ ಹೆಲಿಕಾಪ್ಟರ್, ಅದೇ ಮೋಡ, ಅದೇ ರಿಸ್ಕು. ಅವಳದು ಶಾರ್ಟ್ ಸರ್ವಿಸ್. 14 ವರ್ಷ ಮುಗಿದ ದಿನ ಪಿಂಚಣಿ ಇಲ್ಲದೆ ಗೇಟು ದಾಟಿದಳು. ಅವಳಿಗೆ ಅನ್ಯಾಯ ಆಯಿತು ಅಂತ ಹೇಳುತ್ತಿಲ್ಲ. ಎಲ್ಲ ಗೊತ್ತಿದ್ದೇ ಸೇರಿದವಳು, ತಯಾರಿಯನ್ನೂ ಮಾಡಿಕೊಂಡಿದ್ದಳು. ಗೊತ್ತಿಲ್ಲದೆ ಸೇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಬಾಗಿಲು ಆರಿಸಿ

ವಾಯುಪಡೆಯ ಫ್ಲೈಯಿಂಗ್ ಬ್ರಾಂಚಿಗೆ ನಾಲ್ಕು ದಾರಿ.

ಮೊದಲನೆಯದು ಎನ್‌ಡಿಎ, ಮೂರೂ ಪಡೆಗಳ ಆಫೀಸರ್‌ಗಳನ್ನು ತಯಾರು ಮಾಡುವ ಅಕಾಡೆಮಿ. ಪಿಯುಸಿ ಓದುತ್ತಿರುವಾಗಲೇ ಬರೆಯಬಹುದು. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ಒಳಗಿರಬೇಕು. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರೂ ಇರಲೇಬೇಕು. ಪಿಸಿಎಂಬಿ ಆದರೂ ಸರಿ, ಪಿಸಿಎಂಸಿ ಆದರೂ ಸರಿ. ಮ್ಯಾಥ್ಸ್ ಬಿಟ್ಟು ಬರೀ ಬಯಾಲಜಿ ಕಡೆ ಹೋದರೆ ಈ ಬಾಗಿಲು ಮುಚ್ಚಿದ ಹಾಗೆ. ಆಯ್ಕೆಯಾದರೆ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ 3 ವರ್ಷ, ಆಮೇಲೆ ಹೈದರಾಬಾದ್ ಪಕ್ಕದ ದುಂಡಿಗಲ್‌ನಲ್ಲಿ ಏರ್‌ಫೋರ್ಸ್ ಅಕಾಡೆಮಿ. ಸಿಗುವುದು ಪರ್ಮನೆಂಟ್ ಕಮಿಷನ್, ಅಂದರೆ ಪಿಂಚಣಿಯ ತನಕ ಇರಬಹುದಾದ ಆಫೀಸರ್ ಕೆಲಸ. ಹುಡುಗಿಯರಿಗೆ ಎನ್‌ಡಿಎ ಬಾಗಿಲು ತೆರೆದದ್ದು ಸುಪ್ರೀಂ ಕೋರ್ಟು 2021ರಲ್ಲಿ ಆದೇಶ ಕೊಟ್ಟ ಮೇಲೆ. ಮೊದಲ ಬ್ಯಾಚಿನ 17 ಹುಡುಗಿಯರು 2025ರ ಮೇ ತಿಂಗಳಲ್ಲಿ ಅಲ್ಲಿಂದ ಪಾಸಾಗಿ ಹೊರಬಂದರು.

ಎರಡನೆಯದು ಸಿಡಿಎಸ್. ಇದು ಡಿಗ್ರಿ ಮುಗಿಸಿದವರಿಗೆ, ಕೊನೆ ವರ್ಷದಲ್ಲಿ ಇರುವವರಿಗೆ. 20ರಿಂದ 24 ವರ್ಷ. ಬಿಇ ಆಗಿದ್ದರೆ ಸರಿ. ಬೇರೆ ಯಾವ ಡಿಗ್ರಿ ಆದರೂ ಪಿಯುಸಿಯಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್ ಓದಿರಬೇಕು. ಇಲ್ಲೂ ಪರ್ಮನೆಂಟ್ ಕಮಿಷನ್. ಆದರೆ ಏರ್‌ಫೋರ್ಸ್ ಪಾಲಿನ ಸೀಟು ಬಹಳ ಕಡಿಮೆ, ಇತ್ತೀಚಿನ ವರ್ಷಗಳಲ್ಲಿ ಒಂದು ಸಲಕ್ಕೆ 32ರ ಆಸುಪಾಸು.

ಮೂರನೆಯದು ಎಎಫ್‌ಕ್ಯಾಟ್. ಇದನ್ನು ಏರ್‌ಫೋರ್ಸೇ ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಹುಡುಗರು ಹುಡುಗಿಯರು ಇಬ್ಬರೂ ಬರೆಯಬಹುದು. ವಯಸ್ಸು 20ರಿಂದ 24. ಕೈಯಲ್ಲಿ ಚಾಲ್ತಿಯಲ್ಲಿರುವ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಇದ್ದರೆ 26ರ ತನಕ. ಫ್ಲೈಯಿಂಗ್‌ಗೆ ಇಲ್ಲಿ ಸಿಗುವುದು 14 ವರ್ಷದ ಶಾರ್ಟ್ ಸರ್ವಿಸ್ ಕಮಿಷನ್. ಪಿಂಚಣಿ ಇಲ್ಲ. ಸೇವೆಯ ಅಗತ್ಯ ಮತ್ತು ಮೆರಿಟ್ ನೋಡಿ ಕೆಲವರನ್ನು ಪರ್ಮನೆಂಟ್ ಮಾಡುವುದುಂಟು. ಅದನ್ನೇ ನಂಬಿಕೊಂಡು ಮಾತ್ರ ಸೇರಬೇಡಿ.

ನಾಲ್ಕನೆಯದು ಎನ್‌ಸಿಸಿ ಸ್ಪೆಷಲ್ ಎಂಟ್ರಿ. ಎನ್‌ಸಿಸಿ ಏರ್ ವಿಂಗಿನ ಸೀನಿಯರ್ ಡಿವಿಷನ್‌ನಲ್ಲಿ 'ಸಿ' ಸರ್ಟಿಫಿಕೇಟ್ ಮಾಡಿದವರಿಗೆ ಲಿಖಿತ ಪರೀಕ್ಷೆಯೇ ಇಲ್ಲ. ನೇರವಾಗಿ ಎಸ್‌ಎಸ್‌ಬಿ, ಅಂದರೆ ಹಂತ 4ರಲ್ಲಿ ಹೇಳುವ ಐದು ದಿನದ ಆಯ್ಕೆ. ಸಿಡಿಎಸ್ ಸೀಟುಗಳಲ್ಲಿ ಶೇ 10, ಎಎಫ್‌ಕ್ಯಾಟ್ ಸೀಟುಗಳಲ್ಲಿ ಶೇ 10 ಇವರಿಗೆ. ಕಾಲೇಜಿಗೆ ಸೇರುವಾಗ ಇದನ್ನು ನೋಡಿಕೊಂಡು ಸೇರುವ ಮಕ್ಕಳು ನನಗೆ ತೀರಾ ಕಡಿಮೆ ಸಿಕ್ಕಿದ್ದಾರೆ. ಬೆಂಗಳೂರಿನ ಜಕ್ಕೂರಿನಲ್ಲಿ ಏರ್ ವಿಂಗ್ ಕೆಡೆಟ್‌ಗಳು ಮೈಕ್ರೋಲೈಟ್ ಹಾರಾಟದ ಅನುಭವ ಪಡೆಯುತ್ತಾರೆ. ಡಿಗ್ರಿ ಓದುತ್ತಾ ಕಂಟ್ರೋಲ್ ಕಡ್ಡಿಗೆ ಕೈ ಹಾಕುವ ಇಷ್ಟು ಅಗ್ಗದ ದಾರಿ ಬೇರೆ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಪಿಯುಸಿಯಲ್ಲಿದ್ದಾಗ ಎನ್‌ಡಿಎ ಬರೆಯಿರಿ. ಆಗಲಿಲ್ಲ ಅಂದರೆ ಏರ್ ವಿಂಗ್ ಎನ್‌ಸಿಸಿ ಇರುವ ಕಾಲೇಜು ಹುಡುಕಿ. ಕೊನೆ ವರ್ಷದಲ್ಲಿ ಸಿಡಿಎಸ್ಸು, ಎಎಫ್‌ಕ್ಯಾಟು ಎರಡೂ ಬರೆಯಿರಿ. ಶಾರ್ಟ್ ಸರ್ವಿಸ್ ಒಪ್ಪಿಕೊಂಡರೆ, ಸೇರಿದ ದಿನದಿಂದಲೇ ಹಂತ 8 ಅನ್ನು ತಲೆಯಲ್ಲಿ ಇಟ್ಟುಕೊಳ್ಳಿ.

ನೌಕಾಪಡೆ, ಸೇನೆ, ಕೋಸ್ಟ್ ಗಾರ್ಡ್‌ಗಳಲ್ಲೂ ಪೈಲಟ್‌ಗಳಿದ್ದಾರೆ. ನೌಕಾಪಡೆಯ ಹೆಲಿಕಾಪ್ಟರ್ ತರಬೇತಿ ತಮಿಳುನಾಡಿನ ಅರಕ್ಕೋಣಂನಲ್ಲಿ, ಸೇನೆಯದು ನಾಸಿಕ್‌ನಲ್ಲಿ. ಆ ಕಥೆಯೇ ಬೇರೆ, ಇಲ್ಲಿ ಬೆರೆಸುವುದಿಲ್ಲ.

ಹಂತ 2: ಮೊದಲು ಟೇಪು, ಆಮೇಲೆ ಕೋಚಿಂಗು

ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ವರ್ಷವಿಡೀ ಕೋಚಿಂಗ್, ಪರೀಕ್ಷೆ ಪಾಸು, ಎಸ್‌ಎಸ್‌ಬಿ ಪಾಸು. ಕೊನೆಗೆ ಮೆಡಿಕಲ್‌ನಲ್ಲಿ, 'ನಿನಗೆ ಬಣ್ಣ ಸರಿಯಾಗಿ ಕಾಣಲ್ಲ.' ದಾವಣಗೆರೆ ಕಡೆಯ ಹುಡುಗನೊಬ್ಬ ಹೀಗೇ ಸಿಕ್ಕಿಹಾಕಿಕೊಂಡ. ಬಣ್ಣದ ಚುಕ್ಕಿಗಳ ನಡುವೆ ಅಡಗಿದ ಅಂಕಿ ಓದುವ ಆ ಪುಸ್ತಕ ಯಾವ ಕಣ್ಣಿನ ಡಾಕ್ಟರ ಹತ್ತಿರವೂ ಇರುತ್ತದೆ. ಐದು ನಿಮಿಷದ ಕೆಲಸ. ಅದನ್ನು ಮೊದಲೇ ಮಾಡಿಸಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

ಮನೆಯಲ್ಲೇ ಅಳೆಯಬಹುದಾದದ್ದು ಇಷ್ಟು. ಫ್ಲೈಯಿಂಗ್‌ಗೆ ಎತ್ತರ ಕನಿಷ್ಠ 162.5 ಸೆಂ.ಮೀ. ಕೂತಾಗಿನ ಎತ್ತರ 81.5ರಿಂದ 96 ಸೆಂ.ಮೀ. ಕಾಲಿನ ಉದ್ದ 99ರಿಂದ 120. ತೊಡೆಯ ಉದ್ದ 64 ದಾಟಬಾರದು. ಗೋಡೆಗೆ ಬೆನ್ನು ಕೊಟ್ಟು ನೇರ ಕೂರಿಸಿ. ತಲೆ ಮೇಲೆ ಪುಸ್ತಕ ಇಟ್ಟು ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಕಾಲಿಗೆ, ಹಾಗೇ ಕೂತು ಕಾಲು ನೇರ ಚಾಚಿ ಗೋಡೆಯಿಂದ ಅಂಗಾಲಿನ ತನಕ. ತೊಡೆಗೆ, ಮೊಣಕಾಲು ಮಡಚಿ ಗೋಡೆಯಿಂದ ಮೊಣಕಾಲಿನ ತುದಿಯ ತನಕ.

ಈ ಅಂಕಿಗಳು ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಕಾಕ್‌ಪಿಟ್ ಅಳತೆಗೆ ಹೊಲಿದ ಅಂಗಿಯ ಹಾಗೆ. ಕಾಲು ಗಿಡ್ಡ ಆದರೆ ರಡ್ಡರ್ ಪೆಡಲ್ ಪೂರ್ತಿ ಒತ್ತಲು ಆಗುವುದಿಲ್ಲ. ತೊಡೆ ಉದ್ದ ಆದರೆ ಇಜೆಕ್ಟ್ ಆಗುವಾಗ, ಅಂದರೆ ಅಪಾಯದಲ್ಲಿ ಸೀಟು ಸಮೇತ ಹೊರಗೆ ಹಾರುವಾಗ, ಮೊಣಕಾಲು ಮುಂದಿನ ಪ್ಯಾನೆಲ್ಲಿಗೆ ಬಡಿಯುತ್ತದೆ. ಬೆನ್ನುಮೂಳೆಯ ಎಕ್ಸ್‌ರೇ ತೆಗೆಯುವುದೂ ಇದೇ ಕಾರಣಕ್ಕೆ. ಇಜೆಕ್ಷನ್ ಸೀಟು ಮನುಷ್ಯನನ್ನು ಕೆಳಗಿನಿಂದ ಒದ್ದು ಮೇಲಕ್ಕೆ ಎಸೆಯುತ್ತದೆ. ಸೊಟ್ಟಗಿರುವ ಬೆನ್ನು ಆ ಹೊಡೆತ ತಡೆಯುವುದಿಲ್ಲ.

ಕಣ್ಣು: ಒಂದು ಕಣ್ಣು 6/6, ಇನ್ನೊಂದು 6/9 ಇದ್ದು ಅದೂ 6/6ಕ್ಕೆ ಸರಿಹೋಗುವಂತಿರಬೇಕು. ದೂರದ್ದು ಮಬ್ಬಾಗಿ ಕಾಣುವ ಮೈನಸ್ ಪವರ್ ಇದ್ದರೆ ಫ್ಲೈಯಿಂಗ್‌ಗೆ ಕಷ್ಟ. ಲೇಸರ್ ಆಪರೇಷನ್ ಮಾಡಿಸಿದರೆ ಆಯ್ತಲ್ವಾ ಅಂತ ಕೇಳುತ್ತಾರೆ. ಅದಕ್ಕೆ ಷರತ್ತುಗಳಿವೆ: 20 ವರ್ಷ ತುಂಬುವ ಮುಂಚೆ ಮಾಡಿಸಿರಬಾರದು, ಮಾಡಿಸಿ 12 ತಿಂಗಳು ಕಳೆದಿರಬೇಕು, ಕಣ್ಣುಗುಡ್ಡೆಯ ಉದ್ದ ಮಿತಿಯೊಳಗಿರಬೇಕು. 20ರ ಈ ಷರತ್ತಿನಿಂದಾಗಿ ಎನ್‌ಡಿಎ ಮಕ್ಕಳಿಗೆ ಈ ದಾರಿ ಇಲ್ಲ. ಹಾಗಾಗಿ ಹದಿನೇಳರ ಮಗನಿಗೆ ಅವಸರದಲ್ಲಿ ಲೇಸರ್ ಮಾಡಿಸಬೇಡಿ. ಮುಂದೆ ಎಎಫ್‌ಕ್ಯಾಟ್ ಬರೆಯುವ ದಾರಿಯೂ ಮುಚ್ಚಿಹೋಗುತ್ತದೆ.

ನಿಜವಾದ ಮೆಡಿಕಲ್ ನಡೆಯುವುದು ಎಸ್‌ಎಸ್‌ಬಿ ಪಾಸಾದ ಮೇಲೆ, ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಅಥವಾ ದೆಹಲಿಯ ಎಎಫ್‌ಸಿಎಂಇಯಲ್ಲಿ. ಕಿವಿಯ ಗುಗ್ಗೆ, ತೂಕ ಜಾಸ್ತಿ, ಮೂಗಿನ ಒಳಗೋಡೆ ಸೊಟ್ಟ ಇರುವುದು, ಇಂಥ ಸಣ್ಣ ವಿಷಯಕ್ಕೇ ಮಕ್ಕಳು ಟೆಂಪರರಿ ಅನ್‌ಫಿಟ್ ಆಗಿ ಅಳುತ್ತಾ ಬರುತ್ತಾರೆ. ಇವನ್ನೆಲ್ಲ ಊರಲ್ಲೇ ಸರಿ ಮಾಡಿಸಿಕೊಂಡು ಹೋಗಬಹುದಿತ್ತು.

ಹಂತ 3: ಲಿಖಿತ ಪರೀಕ್ಷೆ

ಇದರ ಬಗ್ಗೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟಿದೆ, ಬೇಗ ಮುಗಿಸುತ್ತೇನೆ. ಎನ್‌ಡಿಎಯಲ್ಲಿ ಮ್ಯಾಥ್ಸ್ 300, ಜನರಲ್ ಎಬಿಲಿಟಿ 600, ಒಟ್ಟು 900. ಎಸ್‌ಎಸ್‌ಬಿಗೂ 900. ಸಿಡಿಎಸ್‌ನಲ್ಲಿ ಇಂಗ್ಲಿಷ್, ಜಿಕೆ, ಮ್ಯಾಥ್ಸ್ ತಲಾ 100. ಎಎಫ್‌ಕ್ಯಾಟ್‌ನಲ್ಲಿ 2 ಗಂಟೆಗೆ 100 ಪ್ರಶ್ನೆ, ಸರಿಯಾದರೆ 3, ತಪ್ಪಾದರೆ 1 ಕಳೆಯುತ್ತಾರೆ. ಮೂರರಲ್ಲೂ ನೆಗೆಟಿವ್ ಮಾರ್ಕಿಂಗ್ ಇದೆ, ಸುಮ್ನೆ ಊಹೆ ಮಾಡಿ ಗುರುತು ಹಾಕಬೇಡಿ. ಕನ್ನಡ ಮೀಡಿಯಂ ಮಕ್ಕಳು ಎಡವುವುದು ಮ್ಯಾಥ್ಸ್‌ನಲ್ಲಿ ಅಲ್ಲ, ಇಂಗ್ಲಿಷ್‌ನಲ್ಲಿ. ದಿನಾ ಒಂದು ಪುಟ ಇಂಗ್ಲಿಷ್ ಪೇಪರು ಗಟ್ಟಿಯಾಗಿ ಓದಿ. ಆರು ತಿಂಗಳಲ್ಲಿ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಎಸ್‌ಎಸ್‌ಬಿಯಲ್ಲಿ ಮಾತಾಡಲೂ ಅದೇ ಬೇಕು.

ಹಂತ 4: ಮೈಸೂರಿನ ಆ ಐದು ದಿನ

ಏರ್‌ಫೋರ್ಸಿನ ಆಯ್ಕೆ ಮಂಡಳಿಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ. ಉಳಿದವು ಡೆಹ್ರಾಡೂನ್, ಗಾಂಧಿನಗರ, ವಾರಾಣಸಿ ಮುಂತಾದ ಕಡೆ. ಎಲ್ಲಿಗೆ ಕರೆದರೂ ನಡೆಯುವುದು ಒಂದೇ ಥರ.

ಮೊದಲ ದಿನ ಸ್ಕ್ರೀನಿಂಗ್. ಬುದ್ಧಿಶಕ್ತಿ ಪರೀಕ್ಷೆ ಆದಮೇಲೆ ಮಬ್ಬಾದ ಒಂದು ಚಿತ್ರ ತೋರಿಸುತ್ತಾರೆ. ಅದರ ಮೇಲೆ ಕಥೆ ಬರೆಯಬೇಕು, ಆಮೇಲೆ ಗುಂಪಿನಲ್ಲಿ ಚರ್ಚೆ. ಬಂದವರಲ್ಲಿ ದೊಡ್ಡ ಪಾಲು ಅದೇ ಮಧ್ಯಾಹ್ನ ಬ್ಯಾಗು ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿಗೆ ಹೋಗುತ್ತಾರೆ. ಉಳಿದವರಿಗೆ ಮನಶ್ಶಾಸ್ತ್ರದ ಪರೀಕ್ಷೆಗಳು: 12 ಚಿತ್ರಕ್ಕೆ 12 ಕಥೆ, ಅದರಲ್ಲಿ ಕೊನೆಯದು ಖಾಲಿ ಹಾಳೆ. 60 ಪದ, ಒಂದೊಂದಕ್ಕೆ 15 ಸೆಕೆಂಡು. 60 ಸನ್ನಿವೇಶ, ಅರ್ಧ ಗಂಟೆ. ಆಮೇಲೆ ಮೈದಾನದಲ್ಲಿ ಹಲಗೆ, ಹಗ್ಗ, ಡ್ರಮ್ಮುಗಳ ಜತೆ ಗುಂಪಿನ ಕೆಲಸಗಳು, ಒಂದು ಇಂಟರ್‌ವ್ಯೂ, ಕೊನೆಯ ದಿನ ಕಾನ್ಫರೆನ್ಸ್.

ಕೋಚಿಂಗಿನಲ್ಲಿ ಬಾಯಿಪಾಠ ಮಾಡಿಸಿದ ಕಥೆಗಳನ್ನು ಅವರು ದೂರದಿಂದಲೇ ಹಿಡಿಯುತ್ತಾರೆ. ಎಲ್ಲ ಕಥೆಯಲ್ಲೂ 'ರವಿ' ಊರಿಗೆ ಪ್ರವಾಹ ಬಂದಾಗ ಎನ್‌ಜಿಒ ಕಟ್ಟಿ ಎಲ್ಲರನ್ನೂ ಉಳಿಸಿದರೆ ಯಾರು ನಂಬುತ್ತಾರೆ ಹೇಳಿ? ನಿಮ್ಮ ಊರಿನ ಗಣೇಶೋತ್ಸವಕ್ಕೆ ಪೆಂಡಾಲ್ ಹಾಕಿಸುವಾಗ ಏನಾಯಿತು, ಲೆಕ್ಕದಲ್ಲಿ ದುಡ್ಡು ಕಡಿಮೆ ಬಂದಾಗ ಏನು ಮಾಡಿದಿರಿ, ಅದನ್ನು ಹೇಳಿ. ನಾನು ಇಂಟರ್‌ವ್ಯೂನಲ್ಲಿ ಅಪ್ಪನ ಅಡಿಕೆ ತೋಟದ ಪಂಪ್‌ಸೆಟ್ ರಿಪೇರಿ ಬಗ್ಗೆಯೇ ಹತ್ತು ನಿಮಿಷ ಮಾತಾಡಿದ್ದೆ. ಆಫೀಸರು ಒಂದೊಂದು ನಟ್ಟು ಬೋಲ್ಟಿನ ಮೇಲೂ ಪ್ರಶ್ನೆ ಹಾಕಿದರು.

ಫ್ಲೈಯಿಂಗ್‌ಗೆ ಇಷ್ಟು ಸಾಲದು. ಸಿಪಿಎಸ್‌ಎಸ್ ಅಂತ ಕಂಪ್ಯೂಟರಿನಲ್ಲಿ ಪೈಲಟ್ ಆಪ್ಟಿಟ್ಯೂಡ್ ನೋಡುವ ಪರೀಕ್ಷೆ ಇದೆ. ವಿಮಾನದ ಗೇಜುಗಳನ್ನು ಓದಿ ವಿಮಾನ ಯಾವ ಕಡೆ ವಾಲಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಹೇಳಬೇಕು. ಕೈಯಲ್ಲಿ ಕಡ್ಡಿ, ಕಾಲಲ್ಲಿ ಪೆಡಲ್, ಪರದೆ ಮೇಲೆ ಓಡಾಡುವ ಚುಕ್ಕಿ. ಅದನ್ನು ಚೌಕದೊಳಗೆ ಹಿಡಿದಿಡಬೇಕು. ಇದು ಬದುಕಿನಲ್ಲಿ ಒಂದೇ ಸಲ. ಫೇಲಾದರೆ ಇನ್ನು ಯಾವ ಬಾಗಿಲಿನಿಂದ ಬಂದರೂ ಫ್ಲೈಯಿಂಗ್ ಬ್ರಾಂಚ್ ಇಲ್ಲ. ಎಸ್‌ಎಸ್‌ಬಿಗೆ ಹತ್ತು ಸಲ ಬೇಕಾದರೂ ಹೋಗಿ, ಇದಕ್ಕೆ ಮಾತ್ರ ಎರಡನೇ ಚಾನ್ಸ್ ಇಲ್ಲ. ಹಿಂದಿನ ರಾತ್ರಿ ಹೊಸ ಸ್ನೇಹಿತರ ಜತೆ ಹರಟೆ ಹೊಡೆಯುತ್ತಾ ನಿದ್ದೆ ಕೆಡಬೇಡಿ. ಸುಮ್ನೆ ಮಲಗಿ.

ಅಬ್ದುಲ್ ಕಲಾಂ ಅವರೂ ಪೈಲಟ್ ಆಗಲು ಡೆಹ್ರಾಡೂನ್ ಮಂಡಳಿಗೆ ಹೋಗಿದ್ದರು. 25 ಜನರಲ್ಲಿ ಒಂಬತ್ತನೆಯವರಾದರು, ಸೀಟು ಇದ್ದದ್ದು ಎಂಟು. 2006ರಲ್ಲಿ ರಾಷ್ಟ್ರಪತಿಯಾಗಿ ಪುಣೆಯಿಂದ ಸುಖೋಯ್-30ರಲ್ಲಿ ಹಾರಿದರು. ಎಲ್ಲರಿಗೂ ಆ ದಾರಿ ಸಿಗುವುದಿಲ್ಲ ಅನ್ನಿ.

ಹಂತ 5: ದುಂಡಿಗಲ್, ಆಮೇಲೆ ಮೂರು ದಾರಿ

ಈಗ ಅಕಾಡೆಮಿಯಲ್ಲಿ ಮೊದಲ ವಿಮಾನ ಪಿಲಾಟಸ್ ಪಿಸಿ-7 ಮಾರ್ಕ್ 2. ಸ್ವಿಸ್ ವಿಮಾನ, 2013ರಿಂದ ಇದೆ. ಇದರ ಜತೆಗೆ ಹೊಸ ಪೀಳಿಗೆಗೆ ಅಂತ ಬೆಂಗಳೂರಿನ ಎಚ್‌ಎಎಲ್ ಮಾಡಿದ ಎಚ್‌ಟಿಟಿ-40ಕ್ಕೆ ಸರ್ಕಾರ 2023ರಲ್ಲಿ ಆರ್ಡರ್ ಕೊಟ್ಟಿತು, 70 ವಿಮಾನ. ನನ್ನ ಕಾಲಕ್ಕೆ ಎಚ್‌ಪಿಟಿ-32 ಇತ್ತು. ಅದರಲ್ಲಿ ಮೇಷ್ಟ್ರು ಹಿಂದೆ ಕೂರುತ್ತಿರಲಿಲ್ಲ, ಪಕ್ಕದಲ್ಲೇ ಕೂರುತ್ತಿದ್ದರು.

ಮೊದಲ ಸಲ ಒಬ್ಬನೇ ಹಾರಿಸಿದ ಸೋಲೊ ದಿನ ಈಗಲೂ ಕಣ್ಣ ಮುಂದೆ ಇದೆ. ಎರಡು ಸುತ್ತು ಹಾಕಿಸಿ, ಇಳಿಸಿ, ರನ್‌ವೇ ಪಕ್ಕಕ್ಕೆ ಟ್ಯಾಕ್ಸಿ ಮಾಡಿಸಿದರು. ಎಂಜಿನ್ ಓಡುತ್ತಲೇ ಇತ್ತು. ಮೇಷ್ಟ್ರು ಇಳಿದರು. ಇಳಿದ ಮೇಲೆ ತಮ್ಮ ಖಾಲಿ ಸೀಟಿನ ಬೆಲ್ಟುಗಳನ್ನು ಒಂದೊಂದಾಗಿ ಬಿಗಿದು ಕಟ್ಟಿದರು, ಸಡಿಲ ಬಿಟ್ಟರೆ ಕಂಟ್ರೋಲಿಗೆ ಸಿಕ್ಕಿಕೊಳ್ಳಬಹುದು ಅಂತ. ಮಲಗಿದ ಮಗುವಿಗೆ ಹೊದಿಕೆ ಸರಿ ಮಾಡಿದ ಹಾಗೆ ಇತ್ತು. ಒಂದು ಮಾತೂ ಆಡಲಿಲ್ಲ. ಹೆಬ್ಬೆರಳು ತೋರಿಸಿ ಹುಲ್ಲಿನ ಮೇಲೆ ನಡೆದುಹೋದರು. ವಿಮಾನ ಹಗುರ ಆಗಿದ್ದರಿಂದ ಬೇಗ ನೆಲ ಬಿಟ್ಟಿತು. ಅದನ್ನು ಕ್ಲಾಸಿನಲ್ಲಿ ಹೇಳಿದ್ದರು, ನನಗೆ ಮರೆತಿತ್ತು. ಇಳಿದು ಬಂದ ಮೇಲೆ ಬಕೆಟ್ಟುಗಟ್ಟಲೆ ನೀರು ತಲೆ ಮೇಲೆ.

ಇಲ್ಲಿ ಎಲ್ಲರೂ ಉಳಿಯುವುದಿಲ್ಲ. ಬುದ್ಧಿ ಇದ್ದವರೂ ಹಾರಾಟದಲ್ಲಿ ಹಿಂದೆ ಬಿದ್ದು ಗ್ರೌಂಡ್ ಡ್ಯೂಟಿಗೋ ಮನೆಗೋ ಹೋಗುತ್ತಾರೆ. ವಾಂತಿ ಬಂದರೆ ಹೆದರಬೇಡಿ, ಹೆಚ್ಚಿನವರಿಗೆ ಕೆಲವು ಸಾರ್ಟಿಗಳಲ್ಲಿ, ಅಂದರೆ ಹಾರಾಟಗಳಲ್ಲಿ, ಹೋಗುತ್ತದೆ. ನಿಜವಾದ ಕಷ್ಟ ಅಂದರೆ ಪ್ರತಿ ಸಾರ್ಟಿಗೂ ಮಾರ್ಕು ಇರುವುದು. ರಾತ್ರಿ ರೂಮಿನಲ್ಲಿ ಕುರ್ಚಿ ಮೇಲೆ ಕೂತು, ಕಣ್ಣು ಮುಚ್ಚಿ, ಒಂದೊಂದು ಚೆಕ್ಕನ್ನೂ ಬಾಯಲ್ಲಿ ಹೇಳುತ್ತಾ ಕೈಯಾಡಿಸುವುದಕ್ಕೆ 'ಚೇರ್ ಫ್ಲೈಯಿಂಗ್' ಅಂತಾರೆ. ಅದನ್ನು ನಾಚಿಕೆ ಬಿಟ್ಟು ಮಾಡಿದವರೇ ಉಳಿದರು.

ಆಮೇಲೆ ಮೂರು ದಾರಿ: ಫೈಟರ್, ಟ್ರಾನ್ಸ್‌ಪೋರ್ಟ್, ಹೆಲಿಕಾಪ್ಟರ್. ನಿಮ್ಮ ಆಸೆ ಕೇಳುತ್ತಾರೆ. ಕೊಡುವುದು ಮೆರಿಟ್ ಮತ್ತು ಅಗತ್ಯ ನೋಡಿ. ಫೈಟರ್‌ಗೆ ಆಯ್ಕೆಯಾದವರು ಹಾಕ್ ಜೆಟ್ ಕಲಿಯಲು ನಮ್ಮ ಬೀದರ್‌ಗೆ ಬರುತ್ತಾರೆ. ವಿಮಾನ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡದ ನೆಲೆಯೂ ಅದೇ. 2016ರ ಜೂನ್‌ನಲ್ಲಿ ಕಮಿಷನ್ ಆದ ದೇಶದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳು, ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್, ಹಾಕ್ ಕಲಿತದ್ದು ಬೀದರ್‌ನಲ್ಲೇ. ಎರಡು ವರ್ಷದ ಮೇಲೆ ಚಿಕ್ಕಮಗಳೂರಿನ ಮೇಘನಾ ಶಾನುಭೋಗ್ ಫೈಟರ್‌ಗೆ ಹೋದರು. ಟ್ರಾನ್ಸ್‌ಪೋರ್ಟ್‌ನವರಿಗೆ ಯಲಹಂಕ. ಹೆಲಿಕಾಪ್ಟರ್‌ಗೆ ಹೈದರಾಬಾದಿನ ಹಕೀಂಪೇಟ್.

ಫೈಟರ್ ಸಿಗಲಿಲ್ಲ ಅಂತ ಎರಡು ದಿನ ಊಟ ಬಿಟ್ಟವರನ್ನು ನೋಡಿದ್ದೇನೆ. ಹದಿನೈದು ವರ್ಷದ ಮೇಲೆ ಅವರೇ ನಗುತ್ತಾರೆ. ಯಾಕೆ ಅಂತ ಹಂತ 8ರಲ್ಲಿ ಗೊತ್ತಾಗುತ್ತದೆ.

ಹಂತ 6: ಸ್ಕ್ವಾಡ್ರನ್ ಬದುಕು

ಕಮಿಷನ್ ಆದ ದಿನ ಫ್ಲೈಯಿಂಗ್ ಆಫೀಸರ್. 2 ವರ್ಷಕ್ಕೆ ಫ್ಲೈಟ್ ಲೆಫ್ಟಿನೆಂಟ್, 6ಕ್ಕೆ ಸ್ಕ್ವಾಡ್ರನ್ ಲೀಡರ್, 13ಕ್ಕೆ ವಿಂಗ್ ಕಮಾಂಡರ್. ಇಲ್ಲಿಯ ತನಕ ಕಾಲ ಕಳೆದಂತೆ ಬರುತ್ತದೆ. ಗ್ರೂಪ್ ಕ್ಯಾಪ್ಟನ್ ಆಗಲು ಆಯ್ಕೆ ಆಗಬೇಕು. ಅಲ್ಲಿಂದ ಮೇಲೆ ಪಿರಮಿಡ್ ಬಹಳ ಚೂಪು. 7ನೇ ವೇತನ ಆಯೋಗದ ಲೆಕ್ಕದಲ್ಲಿ ಮೂಲ ವೇತನ ಶುರುವಾಗುವುದು 56,100 ರೂಪಾಯಿಗೆ. ಮಿಲಿಟರಿ ಸರ್ವಿಸ್ ಪೇ 15,500. ಫ್ಲೈಯಿಂಗ್ ಭತ್ಯೆ ಆ ಆಯೋಗ ನಿಗದಿ ಮಾಡಿದಾಗ 25,000. ಡಿಎ ಇತ್ಯಾದಿ ಬೇರೆ. ವರ್ಷಕ್ಕೆ 60 ದಿನ ಆನ್ಯುಯಲ್ ಲೀವ್, 20 ದಿನ ಕ್ಯಾಶುಯಲ್. ಕಾಗದದ ಮೇಲೆ ಇದೆ. ಸಿಗುವುದು ಯೂನಿಟ್ಟಿನ ಕೆಲಸ ನೋಡಿಕೊಂಡು.

ಹೊಸಬರು ಸ್ಕ್ವಾಡ್ರನ್‌ಗೆ ಬಂದಾಗ ಇನ್ನೂ 'ಆಪ್ಸ್' ಆಗಿರುವುದಿಲ್ಲ. ಯುದ್ಧಕ್ಕೆ ಕಳಿಸಬಹುದು ಅಂತ ಸಿಒ, ಅಂದರೆ ಸ್ಕ್ವಾಡ್ರನ್ನಿನ ಮುಖ್ಯಸ್ಥರು, ಒಪ್ಪುವ ತನಕ ನೀವು ಕ್ರ್ಯೂ ರೂಮಿನ ಚಹಾ, ಬ್ರೀಫಿಂಗ್ ಬೋರ್ಡು, ಹಕ್ಕಿ ಓಡಿಸುವ ಲೆಕ್ಕ ಎಲ್ಲ ನೋಡಿಕೊಳ್ಳುವ ಚಿಕ್ಕ ಹುಡುಗ. ಜನ ಅಂದುಕೊಂಡಿರುವ ಹಾಗೆ ದಿನವಿಡೀ ಹಾರುವುದಿಲ್ಲ. ಒಂದು ಗಂಟೆ ಹಾರಾಟಕ್ಕೆ ಎರಡು ಗಂಟೆ ತಯಾರಿ, ಆಮೇಲೆ ತಪ್ಪು ಒಪ್ಪು ಚರ್ಚಿಸುವ ಡೀಬ್ರೀಫ್. ಡೀಬ್ರೀಫ್‌ನಲ್ಲಿ ರ್‍ಯಾಂಕ್ ನೋಡುವುದಿಲ್ಲ. ಸಿಒ ತಪ್ಪು ಮಾಡಿದರೂ ಬೋರ್ಡ್ ಮೇಲೆ ಬರೆಯುತ್ತಾರೆ. ಈ ಒಂದು ಅಭ್ಯಾಸವನ್ನು ನಾನು ಹೊರಗಿನ ಯಾವ ಆಫೀಸಿನಲ್ಲೂ ಕಾಣಲಿಲ್ಲ.

ಫೈಟರ್‌ನವರ ಕಷ್ಟ ಮೈಯಲ್ಲಿ. 9 ಜಿ, ಅಂದರೆ ಭೂಮಿಯ ಸೆಳೆತದ ಒಂಬತ್ತು ಪಟ್ಟು, ಎಳೆದಾಗ 70 ಕೆಜಿ ಮನುಷ್ಯ 630 ಕೆಜಿ ತೂಗುತ್ತಾನೆ. ರಕ್ತ ತಲೆಯಿಂದ ಕಾಲಿಗೆ ಇಳಿಯುತ್ತದೆ, ಕಣ್ಣು ಕಪ್ಪಾಗುತ್ತದೆ. ಕಾಲು, ಹೊಟ್ಟೆ ಬಿಗಿಹಿಡಿದು ಮೂರು ಸೆಕೆಂಡಿಗೊಮ್ಮೆ ಚಕ್ಕನೆ ಉಸಿರು ಬದಲಿಸುವುದನ್ನು ಬೆಂಗಳೂರಿನ ಅದೇ ಇನ್‌ಸ್ಟಿಟ್ಯೂಟಿನ ಸೆಂಟ್ರಿಫ್ಯೂಜ್‌ನಲ್ಲಿ ಗಿರಗಿರ ತಿರುಗಿಸಿ ಕಲಿಸುತ್ತಾರೆ. ನಮ್ಮ ಹೆಲಿಕಾಪ್ಟರ್‌ನವರದು ಬೆನ್ನುನೋವು. ಬೆಟ್ಟದ ಗಾಳಿ, ಸಿಯಾಚಿನ್ ಕಡೆ ಒಂದು ಕೋಣೆಯಷ್ಟೇ ಅಗಲದ ಹೆಲಿಪ್ಯಾಡ್‌ಗಳು. ಪ್ರವಾಹ ಬಂದರೆ ಯಾವ ರಾಜ್ಯ ಆದರೂ ಮೊದಲ ಫೋನು ನಮಗೇ. 2019ರಲ್ಲಿ ಬೆಳಗಾವಿ ಕಡೆ ನೀರು ತುಂಬಿದಾಗ ಟಿವಿಯಲ್ಲಿ ಕಂಡ ಹೆಲಿಕಾಪ್ಟರ್‌ಗಳು ನೆನಪಿರಬಹುದು. ಮನೆ ಮೇಲ್ಛಾವಣಿ ಮೇಲೆ ನಿಂತ ಅಜ್ಜಿಗೆ ಮೇಲಿಂದ ಹಗ್ಗ ಬಿಟ್ಟರೆ, ಆಕೆ ಮೊದಲು ಗಂಟು ಕಟ್ಟುವುದು ತನ್ನ ಟ್ರಂಕಿಗೆ. ಇಂಥದ್ದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ.

ಮನೆಯವರ ಬಗ್ಗೆ. ಎರಡು ಮೂರು ವರ್ಷಕ್ಕೊಮ್ಮೆ ಪೋಸ್ಟಿಂಗ್. ನನ್ನ ಮಗಳು ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಐದು ಸ್ಕೂಲು ನೋಡಿದ್ದಳು. ಕನ್ನಡ ಓದಲು ಕಲಿತದ್ದು ಬೇಸಿಗೆ ರಜೆಯಲ್ಲಿ ಅಜ್ಜನ ಹತ್ತಿರ. ಹೆಂಡತಿ ಎರಡು ಕೆಲಸ ಬಿಟ್ಟಳು. ಈ ಲೆಕ್ಕವನ್ನು ಮದುವೆಗೆ ಮುಂಚೆಯೇ ಆ ಕಡೆಯವರಿಗೆ ಹೇಳಿಬಿಡಿ. ಇನ್ನೊಂದು ವಿಷಯ: ಪ್ರತಿ ವರ್ಷ ಮೆಡಿಕಲ್ ಇರುತ್ತದೆ. ಎ1ಜಿ1 ಅಂತ ಬರೆದರೆ ಹಾರಬಹುದು. ಬಿಪಿ, ಶುಗರ್, ಡಿಸ್ಕ್, ಏನೇ ಬಂದರೂ ಆ ಸಾಲು ಬದಲಾಗುತ್ತದೆ, ವಿಮಾನದಿಂದ ಇಳಿಯಬೇಕಾಗುತ್ತದೆ. ಮೂವತ್ತೈದು ದಾಟಿದ ಪೈಲಟ್‌ಗಳು ಶತ್ರುವಿಗಿಂತ ಜಾಸ್ತಿ ಹೆದರುವುದು ಇದಕ್ಕೆ.

ಹಂತ 7: ಎಂಟು ಹತ್ತು ವರ್ಷದ ಮೇಲಿನ ಕವಲು

ಕಲಿಸುವುದು ಇಷ್ಟ ಇದ್ದರೆ ಚೆನ್ನೈನ ತಾಂಬರಂನಲ್ಲಿ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ಸ್ ಸ್ಕೂಲ್ ಇದೆ. ಫೈಟರ್‌ನಲ್ಲಿ ತಂತ್ರ ಕಲಿತು ಉಳಿದವರಿಗೆ ಹೇಳಿಕೊಡುವವರು ಗ್ವಾಲಿಯರ್‌ನ ಟ್ಯಾಕ್‌ಡೆ ಅನ್ನುವ ಯುದ್ಧತಂತ್ರದ ಶಾಲೆಗೆ ಹೋಗುತ್ತಾರೆ. ಎಂಜಿನಿಯರಿಂಗ್ ತಲೆ ಇದ್ದವರಿಗೆ ಟೆಸ್ಟ್ ಪೈಲಟ್ ದಾರಿ. ಅದರ ಶಾಲೆ ಬೆಂಗಳೂರಿನಲ್ಲಿ, ವಿಮಾನಗಳನ್ನು ಪರೀಕ್ಷಿಸುವ ವಾಯುಪಡೆಯ ಎಎಸ್‌ಟಿಇ ಕೇಂದ್ರದಲ್ಲಿದೆ. ಎಚ್‌ಎಎಲ್ ಏರ್‌ಪೋರ್ಟಿನ ಮೇಲೆ ತೇಜಸ್ ಗುಡುಗುತ್ತಾ ಹೋಗುವುದನ್ನು ನೀವು ಕೇಳಿದ್ದರೆ, ಕಡ್ಡಿ ಹಿಡಿದವರು ಹೆಚ್ಚಾಗಿ ಈ ಪೈಕಿಯವರೇ. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ ಟೆಸ್ಟ್ ಪೈಲಟ್. 2025ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಶುಭಾಂಶು ಶುಕ್ಲಾ ಕೂಡ.

ಶಾರ್ಟ್ ಸರ್ವಿಸ್‌ನಲ್ಲಿ ಇರುವವರು ಈ ಕೋರ್ಸುಗಳನ್ನು ಕೇಳುವಾಗ ಲೆಕ್ಕ ಹಾಕಿ. ಇನ್‌ಸ್ಟ್ರಕ್ಟರ್ ಆದರೆ ಗಂಟೆಗಳು ಬೇಗ ಏರುತ್ತವೆ. ಆಫೀಸ್ ಪೋಸ್ಟಿಂಗ್ ಬಂದರೆ ನಿಂತೇಹೋಗುತ್ತವೆ. ಹೊರಗೆ ಬಂದ ಮೇಲೆ ಯಾರೂ ನಿಮ್ಮ ರ್‍ಯಾಂಕ್ ಕೇಳುವುದಿಲ್ಲ. ಲಾಗ್‌ಬುಕ್ ಕೇಳುತ್ತಾರೆ.

ಹಂತ 8: ಹೊರಗೆ ಬರುವುದು, ಮತ್ತು 'ರಿಸರ್ವ್' ಅನ್ನುವ ಮಾತು

ಪರ್ಮನೆಂಟ್ ಕಮಿಷನ್‌ನವರಿಗೆ 20 ವರ್ಷ ತುಂಬಿದರೆ ಪಿಂಚಣಿ. 19 ವರ್ಷ 6 ತಿಂಗಳಿಗೆ ಬೇಸರ ಬಂದರೂ ಆರು ತಿಂಗಳು ಹಲ್ಲು ಕಚ್ಚಿ ಇರಿ. ಶಾರ್ಟ್ ಸರ್ವಿಸ್‌ನವರಿಗೆ ಗ್ರಾಚುಟಿ ಸಿಗುತ್ತದೆ, ತಿಂಗಳ ಪಿಂಚಣಿ ಇಲ್ಲ. 22ಕ್ಕೆ ಸೇರಿದವರು 37ರ ಸುಮಾರಿಗೆ ಹೊರಗೆ. ಮಗು ಮೂರನೇ ಕ್ಲಾಸಿನಲ್ಲಿರುತ್ತದೆ, ಮನೆ ಸಾಲ ಶುರುವಾಗಿರುತ್ತದೆ.

ಏರ್‌ಲೈನ್ ಸುಲಭ ಅಂತ ಅಂದುಕೊಳ್ಳಬೇಡಿ. ಮಿಲಿಟರಿ ಪೈಲಟ್ ಆಗಿದ್ದರೂ, ನಾಗರಿಕ ವಿಮಾನಯಾನ ನೋಡಿಕೊಳ್ಳುವ ಡಿಜಿಸಿಎಯ ಲೈಸೆನ್ಸ್ ಬೇರೆಯಾಗಿ ಮಾಡಿಸಬೇಕು. ಏರ್ ರೆಗ್ಯುಲೇಷನ್ಸ್, ನ್ಯಾವಿಗೇಷನ್, ಮೀಟಿಯರಾಲಜಿ ಪರೀಕ್ಷೆಗಳು, ರೇಡಿಯೋ ಲೈಸೆನ್ಸ್, ಕ್ಲಾಸ್ 1 ಮೆಡಿಕಲ್. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಸಾಕು, ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್‌ಗೆ 1,500. ಇಲ್ಲೇ ಫೈಟರ್ ಸಿಗದೆ ಊಟ ಬಿಟ್ಟವರು ನಗುವುದು. ಫೈಟರ್ ಸಾರ್ಟಿ ಚಿಕ್ಕದು, ಗಂಟೆ ಏರುವುದು ನಿಧಾನ. ಟ್ರಾನ್ಸ್‌ಪೋರ್ಟ್‌ನವರು ಎರಡು ಎಂಜಿನ್ನಿನ ದೊಡ್ಡ ವಿಮಾನದಲ್ಲಿ ಸಾವಿರಗಟ್ಟಲೆ ಗಂಟೆ ಹಾರಿಸಿ ಬಂದಿರುತ್ತಾರೆ. ನಮ್ಮಂಥ ಹೆಲಿಕಾಪ್ಟರ್‌ನವರಿಗೆ ಮುಂಬೈ ಹೈ ತೈಲ ಬಾವಿಗಳು, ಕೇದಾರನಾಥ ಯಾತ್ರೆ, ವಿಐಪಿ ಹಾರಾಟ. ಏರ್‌ಲೈನ್ ಬೇಕಾದರೆ ವಿಮಾನದ ಗಂಟೆಗಳನ್ನು ಕೈಯಿಂದ ದುಡ್ಡು ಹಾಕಿ ಮಾಡಬೇಕು, ಅದು ಲಕ್ಷಗಳ ಮಾತು.

ಇನ್ನು ರಿಸರ್ವ್. ಅಮೆರಿಕದಲ್ಲಿ ಇರುವ ನೆಂಟರು ಹೇಳಿದ್ದನ್ನು ಕೇಳಿ ಇಲ್ಲೂ ಹಾಗೇ ಅಂತ ಅಂದುಕೊಂಡವರಿದ್ದಾರೆ. ಅಲ್ಲಿ ಏರ್ ನ್ಯಾಷನಲ್ ಗಾರ್ಡ್, ಏರ್‌ಫೋರ್ಸ್ ರಿಸರ್ವ್ ಅಂತ ಎರಡಿವೆ. ಹೆಸರಿಗೆ ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆರಡು ವಾರ. ಪೈಲಟ್‌ಗಳಿಗೆ ಅದಕ್ಕಿಂತ ಜಾಸ್ತಿ ಇರುತ್ತದೆ. ಉಳಿದ ದಿನ ಏರ್‌ಲೈನ್‌ನಲ್ಲಿ ಕೆಲಸ. ಒಂದೊಂದು ಘಟಕವೇ ಹೊಸ ಹುಡುಗರನ್ನು ಆರಿಸಿ, ತರಬೇತಿಗೆ ಕಳಿಸಿ, ಮತ್ತೆ ತನ್ನ ಹತ್ತಿರ ಕರೆಸಿಕೊಳ್ಳುತ್ತದೆ. ಪೂರ್ಣಾವಧಿ ವಾಯುಪಡೆಗೆ ಹೋದರೆ ಪೈಲಟ್ ತರಬೇತಿ ಮುಗಿದ ಮೇಲೆ 10 ವರ್ಷ ಸೇವೆ ಕೊಡಬೇಕು. ಅಲ್ಲಿ ಹುಟ್ಟಿದ ಕನ್ನಡದ ಮಕ್ಕಳಿಗೆ ಈ ದಾರಿ ತೆರೆದಿದೆ. ಗ್ರೀನ್ ಕಾರ್ಡ್ ಸಾಲದು, ಆಫೀಸರ್ ಆಗಲು ಅಲ್ಲಿಯ ಪೌರತ್ವ ಬೇಕು. ಡಿಗ್ರಿಯೂ ಬೇಕು.

ನಮ್ಮಲ್ಲಿ 1952ರಲ್ಲೇ ರಿಸರ್ವ್ ಮತ್ತು ಆಕ್ಸಿಲಿಯರಿ ವಾಯುಪಡೆಗಳ ಕಾನೂನು ಬಂದಿದೆ. ರೆಗ್ಯುಲರ್ ರಿಸರ್ವ್, ಏರ್ ಡಿಫೆನ್ಸ್ ರಿಸರ್ವ್, ಆಕ್ಸಿಲಿಯರಿ ಏರ್‌ಫೋರ್ಸ್ ಅಂತ ಮೂರು ಹೆಸರು ಅದರಲ್ಲಿವೆ. ಆದರೆ ವಾರವಿಡೀ ಏರ್‌ಲೈನ್, ಶನಿವಾರ ಸುಖೋಯ್ ಅನ್ನುವಂಥ ಕೆಲಸ ಇಲ್ಲಿಲ್ಲ. ರಿಸರ್ವ್ ಅಂದರೆ ಹೊರಗೆ ಬಂದ ಮೇಲೂ ಅಗತ್ಯ ಬಿದ್ದರೆ ವಾಪಸ್ ಕರೆಯಬಹುದು ಅನ್ನುವ ಹೊಣೆ. ಆದಾಯ ಅಲ್ಲ. ಸಚಿನ್ ತೆಂಡೂಲ್ಕರ್ 2010ರಿಂದ ಗ್ರೂಪ್ ಕ್ಯಾಪ್ಟನ್ ಅಲ್ವಾ ಅಂತ ಒಬ್ಬ ಹುಡುಗ ಕೇಳಿದ. ಹೌದು, ಗೌರವ ಪದವಿ. ಹಾರಿಸುವುದಿಲ್ಲ ಮಾರಾಯ.

ರಿಸರ್ವ್ ಅನ್ನುವ ಪದಕ್ಕೆ ಸ್ಕ್ವಾಡ್ರನ್‌ನಲ್ಲಿ ಇನ್ನೊಂದು ಅರ್ಥ ಇದೆ. ಹೋಗುವವರಲ್ಲಿ ಯಾರಿಗಾದರೂ ತೊಂದರೆ ಆದರೆ ಅಂತ ಎಂಜಿನ್ ಓಡಿಸಿಕೊಂಡು ಕಾಯುವ ಸ್ಟ್ಯಾಂಡ್‌ಬೈ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲಿನ ದಾಳಿಗೆ 12 ಮಿಸ್ಟೇರ್ ವಿಮಾನಗಳು ಹೊರಟಾಗ, ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಸ್ಟ್ಯಾಂಡ್‌ಬೈನಲ್ಲಿದ್ದರು. ಒಂದು ವಿಮಾನ ಹಿಂದೆ ಉಳಿಯಿತು, ಇವರು ಸೇರಿಕೊಂಡರು. ತಮ್ಮ ವಿಮಾನಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಒಂದನ್ನು ಕೆಡವಿದರು, ವಾಪಸ್ ಬರಲಿಲ್ಲ. ಅಲ್ಲಿ ಏನಾಯಿತು ಅನ್ನುವುದು ಇಲ್ಲಿಗೆ ಗೊತ್ತಾಗಲು ವರ್ಷಗಳೇ ಬೇಕಾದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ಮೇಲೆ.

ಆ ಜೂನಿಯರ್ ವಿಷಯ ಬಾಕಿ ಇದೆ. ಅವಳು ಹನ್ನೊಂದನೇ ವರ್ಷದಲ್ಲೇ ಡಿಜಿಸಿಎ ಪುಸ್ತಕಗಳನ್ನು ಕ್ರ್ಯೂ ರೂಮಿಗೆ ತರುತ್ತಿದ್ದಳು. ಮೋಡ ಕವಿದು ಹಾರಾಟ ನಿಂತ ದಿನ ನಾವು ಕೇರಂ ಆಡುತ್ತಿದ್ದರೆ, ಅವಳು ಮೂಲೆಯಲ್ಲಿ ಮೀಟಿಯರಾಲಜಿ ಓದುತ್ತಿದ್ದಳು. 'ಹೊರಗೇ ಇದೆಯಲ್ಲಮ್ಮ ಮೋಡ, ಪುಸ್ತಕದಲ್ಲಿ ಯಾಕೆ ನೋಡ್ತೀಯ?' ಅಂತ ರೇಗಿಸುತ್ತಿದ್ದೆವು. ನಾನು ಹೊರಗೆ ಬಂದ ಮೇಲೆ ಅವೇ ಪರೀಕ್ಷೆಗಳಿಗೆ ಓದಲು ಕೂತಾಗ ನನಗೆ 44 ವರ್ಷ. ಪುಸ್ತಕ ಅವಳೇ ಕೊರಿಯರ್ ಮಾಡಿದಳು. ಮಾರ್ಜಿನ್ನಿನಲ್ಲಿ ಪೆನ್ಸಿಲ್ಲಿನ ಗುರುತು, ಅಲ್ಲಲ್ಲಿ ನಮ್ಮ ಕ್ರ್ಯೂ ರೂಮಿನ ಚಹಾದ ಕಲೆ ಹಾಗೇ ಇತ್ತು.